ಮಗಳಿಗೊಂದು ಪತ್ರ: ಬೋರ್ಡಿನ ಬಣ್ಣ ನೋಡು

ಧಾರವಾಡ
ಭಾನುವಾರ ಸಂಜೆ

ಬಂಗಾರಿ,

ಬಾಡಿಗೆಗೆ ಕೊಡಲಿಕ್ಕೆ ಅಂತ ಮನೆ ಕೊಳ್ಳಬೇಕೆಂದು ನೀನು ಕಳಿಸಿದ ಲೇಔಟಿನ ಫೋಟೋ ನೋಡಿದೆವು. ಗೇಟು ಚೆನ್ನಾಗಿದೆ. ನಿಮ್ಮಪ್ಪ ಆಗಲೇ ಮನಸ್ಸು ಸೋತಿದ್ದಾರೆ. ನಾನು ನಿನ್ನೆ ಆಟೋ ಮಾಡಿಕೊಂಡು ಜಾಗಕ್ಕೇ ಹೋಗಿ ಬಂದೆ. ಆಟೋದವನು ವಾಪಸ್ ಬರುವ ದುಡ್ಡನ್ನೂ ಮೊದಲೇ ಕೇಳಿದ. ಅಲ್ಲಿಗೆ ಅರ್ಧ ಉತ್ತರ ಸಿಕ್ಕ ಹಾಗಾಯಿತು.

‘ಐಐಟಿ ಹತ್ತಿರ’ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ, ಅಲ್ವಾ? 2016ರಲ್ಲಿ ಇಲ್ಲಿನ ವಾಲ್ಮಿ ಸಂಸ್ಥೆಯ ಆವರಣದಲ್ಲಿ ಶುರುವಾದ ಐಐಟಿಗೆ ಈಗ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಕ್ಯಾಂಪಸ್ ಇದೆ. ಹುಡುಗರಿಗೆ ಒಳಗೇ ಹಾಸ್ಟೆಲ್, ಒಳಗೇ ಊಟ. ಅವರು ನಿನ್ನ ಎರಡು ಬೆಡ್‌ರೂಮಿನ ಮನೆಗೆ ಯಾಕೆ ಬರುತ್ತಾರೆ? ಆ ಹೆಸರಿನಿಂದ ಏರಿದ್ದು ಪ್ಲಾಟಿನ ರೇಟು, ಬಾಡಿಗೆ ಅಲ್ಲ.

ನೀನು ಚಿಕ್ಕವಳಿದ್ದಾಗ ನಾವೂ ಹೀಗೇ ಬೈಪಾಸ್ ಆಚೆ ಒಂದು ಮನೆ ತೆಗೆದುಕೊಂಡಿದ್ದೆವು, ನಿನಗೆ ನೆನಪಿರಲಿಕ್ಕಿಲ್ಲ. ಎಂಟು ತಿಂಗಳು ಖಾಲಿ ಬಿತ್ತು. ಕೊನೆಗೆ ಬಂದವರೂ ಟ್ಯಾಂಕರ್ ನೀರಿನ ಖರ್ಚು ನೋಡಿ ಮೂರೇ ತಿಂಗಳಿಗೆ ಬಿಟ್ಟರು. ಸಾಲದ್ದಕ್ಕೆ ಅದು ಯರಿ ಮಣ್ಣು, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಎರಡನೇ ಮಳೆಗಾಲಕ್ಕೆ ಕಂಪೌಂಡ್ ಗೋಡೆ ವಾಲಿತು. ಹುಬ್ಬಳ್ಳಿ ಕಡೆ ತೆಗೆದುಕೊಂಡರೆ ಪಾಯ ಎಷ್ಟು ಆಳ ಹಾಕಿದ್ದಾರೆ ಅಂತ ಮೊದಲು ಕೇಳು. ನಮ್ಮ ಧಾರವಾಡದ ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ.

ಇಲ್ಲಿ ಧಾರವಾಡದ ಸಪ್ತಾಪುರದ ಮೇಲೆ ನಿನಗೆ ಆಸೆ ಇದೆ, ಗೊತ್ತು. ಕೋಚಿಂಗ್ ಹುಡುಗರು ಒಂದೊಂದು ರೂಮಿನಲ್ಲಿ ಮೂರು ಮೂರು ಜನ ಇರುತ್ತಾರೆ. ದುಡ್ಡು ಬರುತ್ತದೆ, ಸುಳ್ಳಲ್ಲ. ಆದರೆ ಅದು ಮನೆ ಬಾಡಿಗೆ ಅಲ್ಲ, ಒಂದು ವ್ಯಾಪಾರ. ದಿನಾ ನೋಡುವವರು ಬೇಕು. ಸರ್ಕಾರಿ ನೇಮಕಾತಿಗೆ ಅರ್ಜಿ ಕರೆದರೆ ರೂಮು ತುಂಬುತ್ತವೆ, ಕರೆಯದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಆ ಓಣಿಗಳಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಬೆಂಗಳೂರಲ್ಲಿ ಕೂತು ನೀನು, ಮೊಣಕಾಲು ಹಿಡಿದುಕೊಂಡು ನಾನು ಅದನ್ನು ನಡೆಸಲಿಕ್ಕೆ ಆಗುತ್ತದಾ?

ನನ್ನ ಕಣ್ಣು ಇರುವುದು ಸತ್ತೂರು ಮತ್ತು ನವನಗರದ ಮೇಲೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ. ನರ್ಸು, ಲ್ಯಾಬಿನವರು, ಸಣ್ಣ ಡಾಕ್ಟರುಗಳು. ಆಸ್ಪತ್ರೆಗೆ ಬೇಸಿಗೆ ರಜೆ ಇಲ್ಲ ನೋಡು. ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇದೆ. ಗಂಡ ಹುಬ್ಬಳ್ಳಿಯಲ್ಲಿ, ಹೆಂಡತಿ ಧಾರವಾಡದಲ್ಲಿ ನೌಕರಿ ಮಾಡುವ ಮನೆಗಳಿಗೂ ಅದೇ ನಡುವಿನ ಜಾಗ. 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ ಶುರುವಾದ ಮೇಲಂತೂ ಸ್ಟಾಪಿಗೆ ನಡೆದು ಹೋಗುವಂತಿದ್ದರೆ ಸಾಕು ಅನ್ನುವವರೇ ಜಾಸ್ತಿ.

ನವನಗರದಲ್ಲಿ ನಾಲ್ಕು ಓಣಿ ತಿರುಗಿದೆ. ‘ಮನೆ ಬಾಡಿಗೆಗೆ ಇದೆ’ ಬೋರ್ಡು ಎರಡೇ ಕಂಡವು, ಎರಡರ ಬಣ್ಣವೂ ಇನ್ನೂ ಹೊಸದು. ನಿನ್ನ ಲೇಔಟಿನಲ್ಲಿ ಏಳು ಇದ್ದವು. ಬಿಸಿಲಿಗೆ ಫೋನ್ ನಂಬರೇ ಅಳಿಸಿ ಹೋಗಿತ್ತು.

ಇನ್ನು ಲೆಕ್ಕ. ನವನಗರದಲ್ಲಿ ನಾನು ನೋಡಿದ ಮನೆಗೆ 45 ಲಕ್ಷ ಕೇಳುತ್ತಿದ್ದಾರೆ. ಬಾಡಿಗೆ 12 ಸಾವಿರ ಬಂದರೆ ವರ್ಷಕ್ಕೆ 1,44,000, ಅಂದರೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಅದರಲ್ಲೇ ಮನೆ ಕರ, ಸುಣ್ಣಬಣ್ಣ, ಒಂದು ತಿಂಗಳು ಖಾಲಿ ಬಿದ್ದರೆ ಅದೂ. ನೀನು 30 ಲಕ್ಷ ಸಾಲ ಮಾಡುತ್ತೇನೆ ಅಂದೆಯಲ್ಲ, ಎಂಟೂವರೆ ಬಡ್ಡಿಗೆ 20 ವರ್ಷ ಅಂದರೂ ಕಂತು ತಿಂಗಳಿಗೆ 26 ಸಾವಿರ. ಬಾಡಿಗೆಯಿಂದಲೇ ಕಂತು ತೀರುತ್ತದೆ ಅಂತ ನಿನಗೆ ಹೇಳಿದವರು ಯಾರು? ಉಳಿದ 14 ಸಾವಿರ ನಿನ್ನ ಸಂಬಳದಿಂದ ಹೋಗಬೇಕು. ಸಾಲ ಕಡಿಮೆ ಮಾಡು.

ಜಾಗ ಕೃಷಿಯೇತರ ಅನ್ನುವ ಎನ್‌ಎ, ನಗರಾಭಿವೃದ್ಧಿ ಪ್ರಾಧಿಕಾರದ (ಹುಡಾ) ಮಂಜೂರಾತಿ, ಖಾತಾ, ಋಣಭಾರ ತೋರಿಸುವ ಇಸಿ, ಈ ಕಾಗದ ಎಲ್ಲವನ್ನೂ ನಿಮ್ಮಪ್ಪ ವಕೀಲರಿಗೆ ತೋರಿಸುತ್ತಾರೆ. ಅದು ಅವರ ಕೆಲಸ, ನಾನು ಬಾಯಿ ಹಾಕುವುದಿಲ್ಲ.

ನಾನು ಕೇಳಿದ್ದು ನೀರು. ಆ ನವನಗರದ ಮನೆಯ ಪಕ್ಕದಾಕೆ ‘ಬಿಟ್ಟಾಗ ಜೋರಾಗೇ ಬರತೈತ್ರಿ’ ಅಂದಳು. ನಮ್ಮೂರಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅನ್ನುವುದರ ಮೇಲೆ ಬಾಡಿಗೆಯವರು ಮನೆ ಒಪ್ಪುತ್ತಾರೆ. ಮಾತು ನಂಬಿ ಕೂರುವುದಿಲ್ಲ, ನಳ ತಿರುಗಿಸಿ ನೋಡಬೇಕು. ಆ ಓಣಿಗೆ ಮುಂದಿನ ನೀರು ಶನಿವಾರ ಬರಬೇಕಂತೆ. ಶುಕ್ರವಾರ ರಾತ್ರಿ ಬಸ್ ಹತ್ತು, ಇಬ್ಬರೂ ಹೋಗೋಣ.

ನಿನ್ನ ಅವ್ವ