ಮುಖಕ್ಕೆ ಏನು ಹಚ್ಚಿದ್ದಾರೆ ನೋಡು

ಪ್ರೀತಿಯ ತಂಗೀ,

ನಿನ್ನ ಲೇಖನ ಎರಡು ಸಲ ಓದಿದೆ. ಅಮೆರಿಕದ ಸಿನಿಮಾ, ಟೀವಿಗಳಲ್ಲಿ ಕಪ್ಪು ಜನ ಹೇಗೆ ಕಾಣಿಸಿಕೊಂಡಿದ್ದಾರೆ ಅಂತ ಬರೆಯಲು ಹೊರಟಿದ್ದೀಯ, ಸಂತೋಷ. ಆದರೆ ಉದ್ದಕ್ಕೂ ತಲೆ ಎಣಿಸಿದ್ದೀಯ. ಯಾವ ವರ್ಷ ಯಾರಿಗೆ ಆಸ್ಕರ್, ಯಾವ ಚಿತ್ರದಲ್ಲಿ ಎಷ್ಟು ಮಂದಿ. ಲೆಕ್ಕ ಬೇಡ ಅನ್ನಲ್ಲ. ಅದನ್ನು ಯಾರು ಬೇಕಾದರೂ ಕೊಡಬಹುದು, ಅಲ್ವಾ?

ನಾನು ತಡವರಿಸಿ ನಿಂತಿದ್ದು ಮೂರನೇ ಪುಟದಲ್ಲಿ. ಲುಪಿಟಾ ನ್ಯೊಂಗೊ ಬಗ್ಗೆ 'ಕಪ್ಪಗಿದ್ದರೂ ಆಕರ್ಷಕ ನಟಿ' ಅಂತ ಬರೆದಿದ್ದೀಯ. ಆ 'ರೂ' ನನಗೆ ಹಳೇ ಪರಿಚಯ.

1981ರಲ್ಲಿ ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದರು. ಕಲರ್ ಫೋಟೋ ಬೇಕು ಅಂತ ಅಮ್ಮ, ಅಕ್ಕ, ನಾನು ಸ್ಟುಡಿಯೋಗೆ ಹೋದೆವು. ಫೋಟೋ ತೆಗೆಯುವವರು ನನ್ನ ಕಡೆ ಒಮ್ಮೆ ನೋಡಿ, 'ಇನ್ನೊಂಚೂರು ಪೌಡರ್ ಹಚ್ಚಿಸಿ ಅಮ್ಮಾ' ಅಂದರು. ಮೂರು ಸಲ ಹಚ್ಚಿದ್ದಾಯಿತು. ಹತ್ತು ದಿನಕ್ಕೆ ಫೋಟೋ ಬಂತು. ಅಕ್ಕ ಅಕ್ಕನ ಹಾಗೇ ಇದ್ದಳು. ನಾನು ಮಾತ್ರ ಬೂದುಗುಂಬಳಕಾಯಿ. ಅದನ್ನು ನೋಡಿದ ಮದುವೆ ದಲ್ಲಾಳಿ 'ಕಪ್ಪಾದರೂ ಲಕ್ಷಣವಾಗಿದ್ದಾಳೆ' ಅಂದರು. ಹೊಗಳಿದರು ಅಂತ ಅಮ್ಮ ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ತಪ್ಪು ನನ್ನ ಮುಖದ್ದು ಅಂತಲೇ ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಶರ್ಲಿ ಕಾರ್ಡಿನ ಕಥೆ ಓದಿದೆ. ಕೊಡಕ್ ಕಂಪನಿ ಬಣ್ಣದ ಫೋಟೋ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಮೊದಲು ಹಾಗೆ ಕೂತವಳ ಹೆಸರು ಶರ್ಲಿ, ಅದೇ ಹೆಸರು ಕಾರ್ಡಿಗೂ ಅಂಟಿತು. ಅವಳ ಮೈಬಣ್ಣ ಸರಿಯಾಗಿ ಬಂತೆಂದರೆ ಪ್ರಿಂಟು ಸರಿ. ಬಿಳಿಯರ ಪಕ್ಕದಲ್ಲಿ ಕಪ್ಪು ಮಗು ಕೂತರೆ ಹಲ್ಲು, ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೊನೆಗೆ ಫಿಲ್ಮು ಸುಧಾರಿಸಿದ್ದು ಯಾರ ಗಲಾಟೆಯಿಂದ ಗೊತ್ತಾ? ಚಾಕಲೇಟು ಮಾಡುವವರು, ಮರದ ಮೇಜು ಕುರ್ಚಿ ಮಾಡುವವರು. ತಮ್ಮ ಮಾಲಿನ ಕಂದು ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಅಂತ ಅವರ ದೂರು! ಮುಂದೆ ಬಂದ ಹೊಸ ಫಿಲ್ಮನ್ನು ಹೊಗಳುವಾಗಲೂ, ಮಂದ ಬೆಳಕಿನಲ್ಲಿ ಕಪ್ಪು ಕುದುರೆಯನ್ನು ಚೆನ್ನಾಗಿ ಹಿಡಿಯುತ್ತದೆ ಅಂದರಂತೆ. ಕುದುರೆ ನೋಡು, ಮನುಷ್ಯರಲ್ಲ.

ಆವತ್ತಿನಿಂದ ನನಗೊಂದು ಚಾಳಿ. ಪರದೆ ಮೇಲೆ ಮುಖ ಕಂಡರೆ, ಇದಕ್ಕೆ ಏನು ಹಚ್ಚಿದ್ದಾರೆ, ಯಾರು ಹಚ್ಚಿದರು ಅಂತ ನೋಡುತ್ತೇನೆ. ನೀನೂ ನೋಡು. ಬರ್ಟ್ ವಿಲಿಯಮ್ಸ್ ಅಂತ ಒಬ್ಬ ದೊಡ್ಡ ಹಾಸ್ಯ ನಟ ಇದ್ದರು. ಬಹಾಮಾಸ್‌ನಲ್ಲಿ ಹುಟ್ಟಿದ ಕಪ್ಪು ಮನುಷ್ಯ, ಮೈಬಣ್ಣ ಸ್ವಲ್ಪ ತಿಳಿ. ಬಿಳಿ ನಟರು ಸುಟ್ಟ ಬಿರಡೆಯ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಕಾಲ ಅದು. ಆ ನಕಲಿ ಕಪ್ಪೇ ಪ್ರೇಕ್ಷಕರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ವಿಲಿಯಮ್ಸ್ ಕೂಡ ತಮ್ಮ ಮುಖಕ್ಕೆ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕಾಯಿತು. 1910ರಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ ಝೀಗ್‌ಫೆಲ್ಡ್ ಫಾಲೀಸ್ ಅನ್ನೋ ದೊಡ್ಡ ಹಾಡು-ಹಾಸ್ಯದ ಪ್ರದರ್ಶನ ಸೇರಿ ಮೆರೆದಾಗಲೂ ಮಸಿ ಹೋಗಲಿಲ್ಲ. ತಲೆ ಎಣಿಸಿದರೆ ಒಂದು ಸಿಗುತ್ತದೆ. ಮುಖ ಸಿಗಲ್ಲ.

ಹ್ಯಾಟಿ ಮೆಕ್‌ಡ್ಯಾನಿಯೆಲ್‌ಗೆ ನೀನು ಒಂದೇ ಸಾಲು ಕೊಟ್ಟಿದ್ದೀಯ. ಸಾಲದು. ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆಕೆ, ಸರಿ. ಆದರೆ 1940ರ ಫೆಬ್ರವರಿ 29ರ ರಾತ್ರಿ ಎಲ್ಲಿ ಕೂತಿದ್ದರು? ಪ್ರಶಸ್ತಿ ಸಮಾರಂಭ ನಡೆದ ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ನಿರ್ಮಾಪಕರು ಹೇಳಿಸಿ ಕೇಳಿಸಿ ಒಳಗೆ ಬಿಡಿಸಿದರು. ಆಸ್ಕರ್ ತಂದುಕೊಟ್ಟ 'ಗಾನ್ ವಿತ್ ದ ವಿಂಡ್' ಚಿತ್ರದ ತಂಡ ಒಂದು ಕಡೆ, ಆಕೆ ಗೋಡೆ ಪಕ್ಕದ ಪುಟ್ಟ ಮೇಜಿನಲ್ಲಿ. ಇತ್ತ, ಯಾವಾಗಲೂ ಮನೆಗೆಲಸದವಳ ಪಾತ್ರವನ್ನೇ ಮಾಡುತ್ತಾಳೆ ಅಂತ ಕಪ್ಪು ಜನರಿಂದಲೇ ಟೀಕೆ. ಟೀಕೆಯಲ್ಲಿ ಹುರುಳಿತ್ತು. ಆಕೆಗೆ ಬೇರೆ ಪಾತ್ರ ಯಾರೂ ಕೊಡುತ್ತಿರಲಿಲ್ಲ ಅನ್ನೋದೂ ನಿಜ. ಎರಡನ್ನೂ ಬರಿ, ತೀರ್ಪು ಕೊಡಲು ಅವಸರ ಬೇಡ. ನಟನೆಗೆ ಆಸ್ಕರ್ ಇನ್ನೊಬ್ಬ ಕಪ್ಪು ಹೆಂಗಸಿನ ಕೈಗೆ ಬಂದಿದ್ದು 1991ರಲ್ಲಿ, ವೂಪಿ ಗೋಲ್ಡ್‌ಬರ್ಗ್‌ಗೆ. ನಡುವೆ 51 ವರ್ಷ.

ಇನ್ನು 2016ರ 'ಮೂನ್‌ಲೈಟ್'. ಸಾಮಾನ್ಯವಾಗಿ ಶೂಟಿಂಗಿನಲ್ಲಿ ಮುಖ ಹೊಳೆಯಬಾರದು ಅಂತ ಪೌಡರ್ ಒತ್ತುತ್ತಾರೆ. ಇದರ ನಿರ್ದೇಶಕ ಬ್ಯಾರಿ ಜೆಂಕಿನ್ಸ್ ಎಣ್ಣೆ ಹಚ್ಚಿಸಿದರು. ಮಯಾಮಿಯ ಸೆಕೆಯಲ್ಲಿ ಬೆಳೆದವರು ಅವರು. ಬೆವರಿ ಮಿನುಗುವ ಚರ್ಮ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಆ ಚಿತ್ರ ನೋಡುವಾಗ ನಾನು ಸುಮ್ನೆ ಕೂತಲ್ಲೇ ಕೆನ್ನೆ ಮುಟ್ಟಿಕೊಂಡೆ.

ಪದಗಳ ವಿಷಯ. ನಾವು ಓದಿದ ಹಳೇ ಪುಸ್ತಕಗಳಲ್ಲಿ 'ನೀಗ್ರೋ' ಇರುತ್ತಿತ್ತು, ಅದನ್ನು ಮುಟ್ಟಬೇಡ. 'ಕರಿಯರು' ಕೂಡ ನನಗೆ ಹಿಡಿಸಲ್ಲ. ಕರಿಯಪ್ಪ, ಕರಿಯಮ್ಮ ಅಂದರೆ ನಮಗೆ ಮನೆಯವರ ಹೆಸರು, ದೇವರ ಹೆಸರು. ಅದೇ ದಾರಿಯಲ್ಲಿ ಹೋಗುವವನನ್ನು 'ಏ ಕರಿಯಾ' ಅಂದರೆ ಬೈಗುಳ. 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 'ಬ್ಲ್ಯಾಕ್' ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯಲು ಶುರು ಮಾಡಿತು. ಅದು ಬರೀ ಬಣ್ಣ ಅಲ್ಲ, ಒಂದು ಜನದ ಹೆಸರು ಅಂತ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಹಾಗಾಗಿ ಆ ಮರ್ಯಾದೆ ವಾಕ್ಯದೊಳಗೇ ಬರಬೇಕು, ಅದು ಜಾಸ್ತಿ ಕಷ್ಟ.

'ಇದು ನಮ್ಮಿಂದ ದೂರದ ಕಥೆ' ಅಂತ ಮುಗಿಸಿದ್ದೀಯಲ್ಲ, ಆ ಸಾಲು ತೆಗೆದುಬಿಡು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಅವರ ಹಿರಿಯರನ್ನು ತಂದು ಶತಮಾನಗಳೇ ಆದವು. ಆದರೂ ಅಚ್ಚ ಕನ್ನಡ ಮಾತಾಡುವ ಸಿದ್ದಿ ಹುಡುಗರನ್ನು ಬೆಂಗಳೂರಿನಲ್ಲಿ 'ಯಾವ ದೇಶ?' ಅಂತ ಕೇಳುತ್ತಾರೆ. ನೀನಾಸಂನಲ್ಲಿ ಕಲಿತು ಬಂದ ಪ್ರಶಾಂತ್ ಸಿದ್ದಿಯವರಿಗೆ ನಮ್ಮ ಸಿನಿಮಾ ಎಂಥ ಪಾತ್ರಗಳನ್ನು ಕೊಟ್ಟಿದೆ, ಒಂದೊಂದಾಗಿ ನೋಡಿ ಬರಿ.

ಲುಪಿಟಾ ವಾಕ್ಯಕ್ಕೆ ಬರೋಣ. ಚಿಕ್ಕವರಿದ್ದಾಗ, ಬೆಳಗಾಗುವಷ್ಟರಲ್ಲಿ ಬೆಳ್ಳಗಾಗಿರಲಿ ಅಂತ ರಾತ್ರಿ ದೇವರನ್ನು ಬೇಡುತ್ತಿದ್ದೆ ಅಂತ 2014ರಲ್ಲಿ ಅವರೇ ಹೇಳಿದರು. ಬೆಳ್ಳಗಾಗುವ ಕ್ರೀಮ್ ಕೊಳ್ಳಲು ಹೊರಟಿದ್ದ ಹುಡುಗಿಯೊಬ್ಬಳು ಇವರನ್ನು ಕಂಡು ಮನಸ್ಸು ಬದಲಿಸಿ ಬರೆದ ಪತ್ರವನ್ನೂ ಆವತ್ತೇ ಓದಿದರು. ಅದನ್ನು ಹಾಕು. 'ರೂ' ತಾನೇ ಉದುರಿಹೋಗುತ್ತದೆ.

ತಿದ್ದಿದ್ದನ್ನು ಕೈಯಲ್ಲೇ ತಾ. ಆ ಫೋಟೋ ಇನ್ನೂ ಟ್ರಂಕಿನಲ್ಲಿದೆ, ತೋರಿಸುತ್ತೇನೆ. ಕುತ್ತಿಗೆಯಲ್ಲಿ ಪೌಡರ್ ನಿಂತ ಗೆರೆ ಈಗಲೂ ಕಾಣುತ್ತದೆ.

ನಿನ್ನ ಅಕ್ಕ