ಹವ್ಯಾಸಿಗಳ ಚಾಕು: ಮೆಚ್ಚುವ ಮುನ್ನ ಏನನ್ನು ನೋಡಬೇಕು?

ಮಾನ್ಯ ಸಂಪಾದಕರೇ,

ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಚಾಕು ತಯಾರಿಸುವ ಹವ್ಯಾಸಿಗಳ ಕೆಲಸಕ್ಕೆ ಸಿಗುವ ಮೆಚ್ಚುಗೆ ಬಹುಪಾಲು ಅಲಗಿನ ಥಳಥಳ ಹೊಳಪಿಗೆ, ಹಿಡಿಯ ಮರದ ಬಣ್ಣಕ್ಕೆ, ಉಕ್ಕಿನ ಮೇಲಿನ ಚಿತ್ತಾರಕ್ಕೆ ಸಲ್ಲುತ್ತದೆ. ಚಿತ್ರದಲ್ಲಿ ಕಾಣುವುದು ಅಷ್ಟೇ ಆದ್ದರಿಂದ ಅದು ಸಹಜವೂ ಹೌದು. ಆದರೆ ಚಾಕುವಿನ ನಿಜವಾದ ಕಸುಬು ಚಿತ್ರಕ್ಕೆ ಸಿಗದ ಎರಡು ಕಡೆ ಅಡಗಿದೆ. ಒಂದು, ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಹಿಂದೆ ಅಲಗು ಎಷ್ಟು ತೆಳುವಾಗಿದೆ ಎಂಬುದು; ಇನ್ನೊಂದು, ಉಕ್ಕಿಗೆ ಹದ ಹೇಗೆ ಕೊಟ್ಟಿದ್ದಾರೆ, ಅಂದರೆ ಅದನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ ಹೇಗೆ ಗಡಸಾಗಿಸಿದ್ದಾರೆ ಎಂಬುದು. ಇವೆರಡನ್ನೂ ನೋಡಬಲ್ಲ ಓದುಗರಿದ್ದರೆ ಹವ್ಯಾಸಿಗಳಿಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹವಿಲ್ಲ ಎಂಬ ನಂಬಿಕೆಯಿಂದ ಈ ಪತ್ರ.

ಮೊದಲು ತೆಳುವಿನ ವಿಚಾರ. ಅಡುಗೆಮನೆಯ ಚಾಕುವಿನಲ್ಲಿ ಸಾಣೆ ಹಿಡಿದ ಅಂಚಿನ ಸ್ವಲ್ಪ ಮೇಲೆ ಅಲಗಿನ ದಪ್ಪ 0.2ರಿಂದ 0.3 ಮಿಲಿಮೀಟರ್ ಇದ್ದರೆ ಸೊಗಸಾಗಿ ಕೊಯ್ಯುತ್ತದೆ. ಮರ ಕೆತ್ತಲು, ಹೊರಗಿನ ಒರಟು ಕೆಲಸಕ್ಕೆ ಸುಮಾರು 0.5 ಮಿಲಿಮೀಟರ್ ಇರಲಿ. ಹೊಸಬರ ಚಾಕುಗಳಲ್ಲಿ ಇದು 0.8, ಕೆಲವೊಮ್ಮೆ 1 ಮಿಲಿಮೀಟರ್ ಉಳಿದಿರುತ್ತದೆ. ಅಂಥ ಚಾಕು ಕಾಗದವನ್ನು ಚೆನ್ನಾಗಿಯೇ ಸೀಳುತ್ತದೆ, ಆದರೆ ಗಟ್ಟಿ ತರಕಾರಿಗೆ ಹಾಕಿದರೆ ಕೊಯ್ಯುವ ಬದಲು ಬೆಣೆಯಾಗಿ ಒಡೆಯುತ್ತದೆ. ಕಾಗದ ಸೀಳುವ ಪರೀಕ್ಷೆಯನ್ನು ನಾವು ಅಷ್ಟಾಗಿ ನೆಚ್ಚದಿರುವುದು ಇದಕ್ಕೇ. ಅದು ಅಂಚಿನ ಹರಿತವನ್ನು ಹೇಳುತ್ತದೆ, ಅಲಗಿನ ಆಕಾರವನ್ನು ಹೇಳುವುದಿಲ್ಲ.

ಈ ದಪ್ಪ ಉಳಿಯುವುದಕ್ಕೆ ಕಾರಣವಿದೆ. ಹದ ಕೊಡುವ ಮುನ್ನ ಅಂಚನ್ನು 0.6ರಿಂದ 0.8 ಮಿಲಿಮೀಟರ್ ದಪ್ಪವಾಗಿಯೇ ಬಿಡಬೇಕು. ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಅದ್ದಿದಾಗ ಅಂಚು ಅಲೆಅಲೆಯಾಗಿ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ. ಬೆಂಕಿಯಲ್ಲಿ ಮೇಲ್ಪದರದ ಇಂಗಾಲವೂ ಸುಟ್ಟುಹೋಗುತ್ತದೆ. ಉಳಿದ ದಪ್ಪವನ್ನು ಹದ ಕೊಟ್ಟ ಮೇಲೆ ಇಳಿಸಬೇಕು. ಆಗ ಉಕ್ಕು ಗಟ್ಟಿಯಾಗಿರುತ್ತದೆ, ಗ್ರೈಂಡರಿನ ಬೆಲ್ಟ್ ಬೇಗ ಸವೆಯುತ್ತದೆ, ಅಲಗು ಕೈಸುಡುವಷ್ಟು ಕಾಯುತ್ತದೆ. ಕಾವು ತಿಳಿಯುವಂತೆ ಬರಿಗೈಯಲ್ಲಿ ಹಿಡಿದು, ಪ್ರತಿ ಸಲ ಉಜ್ಜಿದ ಮೇಲೂ ನೀರಿನಲ್ಲಿ ಅದ್ದುವ ತಾಳ್ಮೆ ಬೇಕು. ಅವಸರಪಟ್ಟರೆ ಅಂಚು ನೀಲಿಗೆ ತಿರುಗುತ್ತದೆ. ನೀಲಿಯಾಯಿತೆಂದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹದ ಇಳಿದಿದೆ ಎಂದರ್ಥ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಹೋದ ಗಡಸುತನ ಮರಳುವುದಿಲ್ಲ. ಆದ್ದರಿಂದ ಅಂಚನ್ನು 0.25ಕ್ಕೆ ಇಳಿಸಿಯೂ ಹದ ಕೆಡದಂತೆ ಉಳಿಸಿಕೊಂಡ ಹವ್ಯಾಸಿಯ ಮುಂದೆ ಹೊಳಪು ಕೊಟ್ಟವರ ಶ್ರಮ ಸಣ್ಣದು.

ಇನ್ನು ಹದ. ಕಲಿಯುವವರಿಗೆ 1084 ಎಂಬ ಉಕ್ಕನ್ನು ಸೂಚಿಸುವುದು ವಾಡಿಕೆ. ಅದರಲ್ಲಿ ಇಂಗಾಲ ಶೇ 0.8ರಿಂದ 0.93ರಷ್ಟಿದ್ದು, ಕೆಂಪಗೆ ಕಾಯಿಸಿದಾಗ ಬಹುಬೇಗ ಕಬ್ಬಿಣದಲ್ಲಿ ಕರಗಿ ಬೆರೆಯುತ್ತದೆ. ಹಾಗಾಗಿ ಸಾಧಾರಣ ಕುಲುಮೆಯಲ್ಲೂ ಸರಿಯಾದ ಹದ ಸಿಗುತ್ತದೆ. 1095 ಎಂಬ ಇನ್ನೊಂದು ಉಕ್ಕಿನಲ್ಲಿ ಇಂಗಾಲ ಇನ್ನೂ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಅದು ಒಂದು ಸೆಕೆಂಡಿನೊಳಗೆ ಸುಮಾರು 540 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪೂರ್ತಿ ಗಡಸಾಗದು, ಅಡುಗೆ ಎಣ್ಣೆಗೆ ಅಷ್ಟು ವೇಗವಿಲ್ಲ. ಸ್ಟೇನ್‌ಲೆಸ್ ಉಕ್ಕಿಗೆ 1000 ಡಿಗ್ರಿಗೂ ಮೇಲಿನ ಶಾಖವನ್ನು ಏರುಪೇರಿಲ್ಲದೆ ಹಿಡಿದಿಡಬೇಕು. ಇದ್ದಿಲ ಕುಲುಮೆಯ ಕೆಲಸವಲ್ಲ. ಹಳೆಯ ಅರ, ಲಾರಿಯ ಸ್ಪ್ರಿಂಗ್ ಪಟ್ಟಿ ಬಳಸುವವರೂ ಇದ್ದಾರೆ. ಅಗ್ಗದ ಅರಗಳಲ್ಲಿ ಮೇಲ್ಪದರ ಮಾತ್ರ ಗಡಸಾಗಿ ಒಳಗೆ ಮೆದು ಕಬ್ಬಿಣವಿರುವುದುಂಟು. ಗುರುತಿಲ್ಲದ ಉಕ್ಕಾದರೆ ಮೊದಲು ಒಂದು ತುಂಡಿಗೆ ಹದ ಕೊಟ್ಟು, ಬಟ್ಟೆಯಲ್ಲಿ ಸುತ್ತಿ, ವೈಸ್‌ನಲ್ಲಿ ಹಿಡಿದು ಮುರಿದು ನೋಡಬೇಕು. ಮುರಿದ ಮುಖ ಬೂದುಬಣ್ಣದ್ದಾಗಿ ನುಣುಪಾಗಿದ್ದರೆ ಸರಿ. ಸಕ್ಕರೆಯಂತೆ ಹರಳುಹರಳಾಗಿ ಮಿನುಗಿದರೆ ಶಾಖ ಮಿತಿಮೀರಿದೆ, ಅಂಥ ಅಲಗು ಬಾಯಿ ಉದುರಿಸುತ್ತದೆ.

1084ರ ಕ್ರಮ ಹೀಗೆ. ಬಡಿದು ಆಕಾರ ಕೊಟ್ಟ ಅಲಗನ್ನು ಮೂರು ಬಾರಿ ಕಾಯಿಸಿ, ಪ್ರತಿ ಬಾರಿಯೂ ಗಾಳಿಯಲ್ಲೇ ಕಪ್ಪಾಗುವವರೆಗೆ ಆರಿಸಬೇಕು. ಬಡಿತದಿಂದ ಒಳಗೆ ಉಳಿದ ಬಿಗಿತ ಇದರಿಂದ ಸಡಿಲಾಗುತ್ತದೆ, ದಪ್ಪಗಾಗಿದ್ದ ಉಕ್ಕಿನ ಒಳಗಿನ ಕಣ ಮತ್ತೆ ಸಣ್ಣಗಾಗುತ್ತದೆ. ಬಳಿಕ ಹದದ ಕಾಯಿಸುವಿಕೆ. ಸುಮಾರು 770 ಡಿಗ್ರಿಯ ಹೊತ್ತಿಗೆ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅಲ್ಲಿಗೇ ನಿಲ್ಲಿಸದೆ ಒಂದು ಛಾಯೆ ಮೇಲಕ್ಕೆ, ಅಂದರೆ ಸುಮಾರು 815 ಡಿಗ್ರಿಗೆ ಏರಿಸಬೇಕು. ಬೆನ್ನು ದಪ್ಪ, ಮೊನೆ ತೆಳು. ಮೊನೆ ಬಲುಬೇಗ ಕಾಯುವುದರಿಂದ ಅಲಗನ್ನು ಹಿಂದೆ ಮುಂದೆ ಸರಿಸುತ್ತಿರಬೇಕು. ಮಂದ ಬೆಳಕಿನಲ್ಲಿ ಮಾಡಿದರೆ ಬಣ್ಣ ಸರಿಯಾಗಿ ಕಾಣುತ್ತದೆ, ಬಿಸಿಲಿನಲ್ಲಿ ಕಣ್ಣು ಮೋಸಹೋಗುತ್ತದೆ. ನಾಲ್ಕೈದು ಲೀಟರ್ ಸಸ್ಯಜನ್ಯ ಎಣ್ಣೆಯನ್ನು ಎತ್ತರದ ಲೋಹದ ಪಾತ್ರೆಯಲ್ಲಿ 50ರಿಂದ 60 ಡಿಗ್ರಿಗೆ ಬಿಸಿಮಾಡಿಟ್ಟುಕೊಂಡಿರಬೇಕು. ತಣ್ಣನೆಯ ಎಣ್ಣೆ ಮಂದವಾಗಿದ್ದು ಶಾಖವನ್ನು ನಿಧಾನವಾಗಿ ಎಳೆಯುತ್ತದೆ. ಮೊನೆ ಕೆಳಗಾಗಿ ನೆಟ್ಟಗೆ ಇಳಿಸಿ ಮೇಲೆ ಕೆಳಗೆ ಮಾತ್ರ ಆಡಿಸಬೇಕು. ಅಡ್ಡಡ್ಡ ಆಡಿಸಿದರೆ ಒಂದು ಮಗ್ಗುಲು ಮೊದಲು ತಣಿದು ಅಲಗು ಬಾಗುತ್ತದೆ. ನೀರಿಗೆ ಹಾಕಿದರೆ ಟಿಣ್ ಎಂಬ ಸಣ್ಣ ಸದ್ದಿನೊಂದಿಗೆ ಬಿರಿಯುವ ಸಂಭವವೇ ಹೆಚ್ಚು.

ಪಾತ್ರೆಗೆ ಬಿಗಿಯಾಗಿ ಕೂರುವ ಲೋಹದ ಮುಚ್ಚಳ ಕೈಗೆಟಕುವಂತಿರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಬೇಕು, ನೀರು ಸುರಿಯಲೇಕೂಡದು. ಸತು ಲೇಪಿಸಿದ ಕಬ್ಬಿಣವನ್ನು ಕುಲುಮೆಯ ಹತ್ತಿರಕ್ಕೂ ತರಬಾರದು, ಅದರ ಹೊಗೆ ವಿಷ.

ಎಣ್ಣೆಯಿಂದ ತೆಗೆದ ಅಲಗು ಗಾಜಿನಷ್ಟೇ ಪೆಡಸು, ಕೆಳಗೆ ಬಿದ್ದರೂ ಮುರಿಯಬಹುದು. ಅರದಿಂದ ಉಜ್ಜಿದರೆ ಅರ ಕಚ್ಚದೆ ಜಾರಬೇಕು. ಮೊದಲೆರಡು ಉಜ್ಜಿಗೆ ಕಚ್ಚಿತೆಂದು ಗಾಬರಿಪಡುವುದು ಬೇಡ. ಇಂಗಾಲ ಕಳೆದುಕೊಂಡ ಮೇಲಿನ ಪೊರೆ ಹೋದ ಬಳಿಕವೂ ಕಚ್ಚಿದರೆ ಮಾತ್ರ ಹದ ಕೂತಿಲ್ಲ. ತಡಮಾಡದೆ ಓವನ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ, ಆರಿಸಿ ಮತ್ತೆ ಎರಡು ಗಂಟೆ ಇಟ್ಟರೆ ಪೆಡಸುತನ ಇಳಿದು, ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 60ರ ಆಸುಪಾಸಿಗೆ ಬರುತ್ತದೆ. ಮನೆಯ ಓವನ್ನಿನ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಬಹಳ ಅಂತರವಿರುವುದುಂಟು. ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು, ಅಲಗನ್ನು ಮರಳಿನ ತಟ್ಟೆಯಲ್ಲಿ ಹೂತರೆ ಏರಿಳಿತ ತಗ್ಗುತ್ತದೆ.

ಹಿಡಿಯನ್ನು ನೋಡುವಾಗ ಅದರೊಳಗೆ ಕೂರುವ ಅಲಗಿನ ಬಾಲಕ್ಕೂ ಮರಕ್ಕೂ ನಡುವೆ ಬೆಳಕು ಕಾಣಿಸುತ್ತದೆಯೇ ಎಂದು ಪರೀಕ್ಷಿಸಿ. ಸಂದಿದ್ದರೆ ನೀರು ಇಳಿದು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಎಪಾಕ್ಸಿ ಅಂಟು ಹಚ್ಚಿ ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಜೋಡಣೆ ಬಡವಾಗುತ್ತದೆ. ಬಾಲ ಕಿರಿದಾಗುವ ಮೂಲೆ ಚೂಪಾಗಿರದೆ ದುಂಡಗಿರಬೇಕು, ಕಿರುಬಾಲದ ಚಾಕುಗಳು ಮುರಿಯುವುದು ಬಹುತೇಕ ಅಲ್ಲಿಯೇ. ಹಿಡಿ ಕೂರಿಸಿದ ಮೇಲೆ ಈ ಮೂಲೆ ಕಾಣುವುದಿಲ್ಲವಾದ್ದರಿಂದ ತಯಾರಿಸಿದವರನ್ನೇ ಕೇಳಬೇಕು.

ಡಮಾಸ್ಕಸ್ ಎಂದು ಕರೆಯುವ ಚಿತ್ತಾರದ ಉಕ್ಕಿನ ಬಗ್ಗೆ ಒಂದೇ ಮಾತು. ನಿಕಲ್ ಇರುವ ಮತ್ತು ಇಲ್ಲದ ಪದರಗಳನ್ನು ಬೆಸೆದು ಆಮ್ಲೀಯ ದ್ರಾವಣದಲ್ಲಿ ಅದ್ದಿದಾಗ ನಿಕಲ್ ಪದರ ಹೊಳಪಾಗಿ ಉಳಿದು ಚಿತ್ತಾರ ಮೂಡುತ್ತದೆ. ಬೆಸುಗೆ ಕೂಡಿದೆಯೇ ಎಂದು ತಿಳಿಯಲು ಚಿತ್ತಾರವನ್ನು ಬಿಟ್ಟು ಬೆನ್ನನ್ನು ನೋಡಿ. ಅಲ್ಲಿ ಕೂದಲೆಳೆಯಷ್ಟು ಕಪ್ಪುಗೆರೆ ಕಂಡರೂ ಪದರ ಬಿಟ್ಟಿರುವ ಅನುಮಾನ ಬರಬೇಕು.

ಹವ್ಯಾಸಿಗಳ ಚಾಕುವಿನ ಚಿತ್ರ ಪ್ರಕಟಿಸುವಾಗ ಉಕ್ಕಿನ ಹೆಸರು, ಹದದ ಶಾಖ, ಅಂಚಿನ ಹಿಂದಿನ ದಪ್ಪ ಇವಿಷ್ಟನ್ನು ಕೆಳಗೆ ನಮೂದಿಸಬೇಕೆಂದು ಪತ್ರಿಕೆಗಳಲ್ಲಿ ನಮ್ಮ ಮನವಿ. ಚಾಕು ಉಡುಗೊರೆಯಾಗಿ ಪಡೆದವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಬಳಸಿ, ಬಾಯಿ ಹೇಗೆ ಕೆಟ್ಟಿತೆಂದು ತಯಾರಿಸಿದವರಿಗೆ ತಿಳಿಸಲಿ. ಬಾಯಿ ಮಡಚಿದರೆ ಅಂಚು ಮೆದುವಾಗಿದೆ ಅಥವಾ ಆ ಕೆಲಸಕ್ಕೆ ತೀರಾ ತೆಳುವಾಗಿದೆ. ಉದುರಿದರೆ ಪೆಡಸುತನ ಉಳಿದಿದೆ, ಓವನ್‌ನಲ್ಲಿ ಇನ್ನೊಂದು 15 ಡಿಗ್ರಿ ಹೆಚ್ಚಿಸಿ ಮತ್ತೆ ಇಡಬಹುದು. ಆದರೆ ಅದಕ್ಕೂ ಮುನ್ನ ಎರಡು ಮೂರು ಬಾರಿ ಕಲ್ಲಿನ ಮೇಲೆ ಸಾಣೆ ಹಿಡಿದು ನೋಡುವುದು ಒಳ್ಳೆಯದು. ಗ್ರೈಂಡರಿನಲ್ಲಿ ಕಾದು ಕೆಟ್ಟ ತೆಳು ಅಂಚಷ್ಟೇ ತೊಂದರೆ ಕೊಡುತ್ತಿದ್ದರೆ ಅದು ಸವೆದುಹೋಗಿ, ಕೆಳಗಿನ ಒಳ್ಳೆಯ ಉಕ್ಕು ಬಾಯಿಗೆ ಬರುತ್ತದೆ.

ಇಂತಿ,
ಚಾಕು ತಯಾರಿಸುವ ಹವ್ಯಾಸಿ ಗೆಳೆಯರು