ಮಂಕು ತೆಗೆಯಲು ಕೊಟ್ಟ ಕಾರಿನ ಪೇಂಟನ್ನೇ ತೆಗೆದಿದ್ದೀರಿ

ಇವರಿಗೆ,
ಮ್ಯಾನೇಜರ್ ಅವರು,
ಕಾರ್ ಪಾಲಿಶಿಂಗ್ ಮತ್ತು ಕೋಟಿಂಗ್ ವಿಭಾಗ

ವಿಷಯ: ಹಳೆಯ ಕೆಂಪು ಕಾರಿನ ಪಾಲಿಶ್ ಕೆಲಸ ಕೆಡಿಸಿರುವುದು, ಅದರ ಮೇಲೆ ಸೆರಾಮಿಕ್ ಕೋಟಿಂಗ್ (ಪೇಂಟನ್ನು ಕಾಪಾಡಲು ಹಚ್ಚುವ ತೆಳು ಪದರ) ಹೆಸರಿನಲ್ಲಿ ಹಣ ಪಡೆದಿರುವುದು

ನಮಸ್ಕಾರ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರತಿ ಸಲ ಬೇರೆ ಯಾರೋ ಎತ್ತುತ್ತಾರೆ, ನಾನು ಮೊದಲಿಂದ ಎಲ್ಲಾ ಹೇಳಬೇಕು, ಅವರು ಪೂರ್ತಿ ಕೇಳಿಸಿಕೊಂಡು ಕೊನೆಗೆ "ಗಾಡಿ ಹಳೇದಲ್ವಾ ಮೇಡಂ" ಅನ್ನುತ್ತಾರೆ. ಹೌದು, ಹಳೆಯದೇ. ಹೊಸದಾಗಿದ್ದರೆ ನಿಮ್ಮಲ್ಲಿಗೆ ಯಾಕೆ ತರುತ್ತಿದ್ದೆ? ಹಳೆಯ ಗಾಡಿಯ ಹೊಳಪು ಮರಳಿ ತರುತ್ತೇವೆ ಅಂತ ಬೋರ್ಡ್ ಹಾಕಿಕೊಂಡಿರುವವರು ನೀವು.

ಕಾರು ಕೊಡುವಾಗ ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಬಾನೆಟ್, ಮೇಲ್ಛಾವಣಿ, ಡಿಕ್ಕಿಯ ಮುಚ್ಚಳ, ಈ ಮೂರು ಕಡೆ ಕೆಂಪು ಬಣ್ಣ ಸತ್ತು ಸುಣ್ಣ ಬಳಿದ ಹಾಗೆ ಬಿಳಚಿಕೊಂಡಿತ್ತು. ಬಿಸಿಲು ನೇರವಾಗಿ ಬೀಳುವುದು ಅಲ್ಲೇ ಅಲ್ವಾ. ಬಾಗಿಲುಗಳು ಅಷ್ಟೇನೂ ಕೆಟ್ಟಿರಲಿಲ್ಲ. ನೀರು ಹಾಕಿದರೆ ಬಣ್ಣ ಗಾಢವಾಗಿ ಕಾಣುತ್ತಿತ್ತು, ಒಣಗಿದ ಕೂಡಲೇ ಮತ್ತೆ ಮಂಕು. ಎಲ್ಲೂ ಪದರ ಎದ್ದಿರಲಿಲ್ಲ, ಬಿರುಕು ಇರಲಿಲ್ಲ, ತುಕ್ಕು ಇರಲಿಲ್ಲ. ಅಂದರೆ ಮೇಲ್ಮೈ ಮಾತ್ರ ಬಿಸಿಲಿಗೆ, ಗಾಳಿಗೆ ಒಣಗಿ ಸತ್ತಿತ್ತು. ಕೆಳಗಿನ ಪೇಂಟ್ ಚೆನ್ನಾಗಿಯೇ ಇತ್ತು.

ಇನ್ನೊಂದು ವಿಷಯ. ಈ ಕಾರಿಗೆ ಇರುವುದು ಹಳೆಯ ಕಾಲದ ಒಂದೇ ಪದರದ ಪೇಂಟ್. ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಪಾಡುವ ಪಾರದರ್ಶಕ ಪದರ, ಇಲ್ಲ. ಇದನ್ನು ಪತ್ತೆ ಹಚ್ಚಲು ದೊಡ್ಡ ವಿದ್ಯೆ ಬೇಕಿಲ್ಲ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಕಣ್ಣಿಗೆ ಬೀಳದ ಮೂಲೆಯಲ್ಲಿ ತಿಕ್ಕಿದರೆ ಬಟ್ಟೆ ಕೆಂಪಾಗುತ್ತದೆ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಹಾಗೆ ಬಣ್ಣ ಬರುವುದಿಲ್ಲ. ಇದನ್ನು ನಿಮ್ಮ ಕೌಂಟರಿನಲ್ಲಿದ್ದ ಹುಡುಗನಿಗೆ ಬಾಯಿಬಿಟ್ಟು ಹೇಳಿದ್ದೆ. "ಎಲ್ಲಾ ನೋಡ್ಕೋತೀವಿ ಮೇಡಂ, ದಿನಾ ಇದೇ ಕೆಲಸ" ಅಂದ. ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳಿ ಅಂದೆ, ಬರೆದುಕೊಂಡ. ಆ ಕಾರ್ಡಿನ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ "ಕ್ಲಿಯರ್ ಕೋಟ್ ಇಲ್ಲ, ನಿಧಾನ" ಅಂತ ಅವನ ಕೈಬರಹದಲ್ಲೇ ಇದೆ. ಮೆಷಿನ್ ಹಿಡಿದವರು ಅದನ್ನು ಓದಿದ ಲಕ್ಷಣ ಮಾತ್ರ ಕಾಣುತ್ತಿಲ್ಲ.

ಇಂಥ ಪೇಂಟಿಗೆ ಕೆಲಸ ಮಾಡುವ ಕ್ರಮ ನಿಮಗೆ ನಾನು ಹೇಳಿಕೊಡಬೇಕಾಗಿ ಬಂದದ್ದೇ ಬೇಸರದ ವಿಷಯ. ಮೊದಲು ಚೆನ್ನಾಗಿ ತೊಳೆದು, ಕ್ಲೇ, ಅಂದರೆ ಮೆತ್ತನೆಯ ಜೇಡಿಯಂಥ ಉಂಡೆ, ಹಾಕಿ ಉಜ್ಜಿ ಅಂಟಿಕೊಂಡ ಕೊಳೆ ತೆಗೆಯಬೇಕು. ಆಮೇಲೆ ಒಂದು ಸಣ್ಣ ಜಾಗದಲ್ಲಿ ಅತಿ ಮೃದುವಾದ ಪಾಲಿಶ್, ಮೃದುವಾದ ಫೋಮ್ ಪ್ಯಾಡಿನಿಂದ ಶುರು ಮಾಡಿ, ಅದರಲ್ಲೇ ಬಣ್ಣ ಬಂತಾ ನೋಡಬೇಕು. ಬರದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಸತ್ತ ಪೇಂಟ್ ಪ್ಯಾಡಿಗೆ ತುಂಬಿಕೊಳ್ಳುವುದರಿಂದ ಪ್ಯಾಡನ್ನು ಆಗಾಗ ಕ್ಲೀನ್ ಮಾಡುತ್ತಾ ಇರಬೇಕು, ಇಲ್ಲದಿದ್ದರೆ ಆ ಪುಡಿಯೇ ಗೀರು ಹಾಕುತ್ತದೆ. ಅಂಚುಗಳಿಗೆ, ಬಾನೆಟ್ ಮೇಲಿನ ಏರು ಗೆರೆಗಳಿಗೆ ಟೇಪ್ ಅಂಟಿಸಬೇಕು, ಯಾಕೆಂದರೆ ಅಲ್ಲಿ ಪೇಂಟ್ ತೆಳುವಾಗಿರುತ್ತದೆ ಮತ್ತು ಮೆಷಿನ್ನಿನ ಒತ್ತಡವೆಲ್ಲ ಅಲ್ಲೇ ಬಂದು ಕೂರುತ್ತದೆ.

ನೀವು ಮಾಡಿದ್ದು ಏನು? ಉಣ್ಣೆಯ ಪ್ಯಾಡ್, ರೋಟರಿ ಮೆಷಿನ್, ಒರಟು ರಬ್ಬಿಂಗ್ ಕಾಂಪೌಂಡ್, ಮೂರೂ ಪೇಂಟನ್ನು ಜೋರಾಗಿ ಕೆರೆಯುವಂಥವೇ, ಒಂದೇ ಓಟ. ಇದು ನನ್ನ ಊಹೆ ಅಲ್ಲ, ಕೆಲಸ ಆಗುತ್ತಿರುವಾಗ ನೀವೇ ಹೆಮ್ಮೆಯಿಂದ ನನ್ನ ಫೋನಿಗೆ ಕಳಿಸಿದ ವಿಡಿಯೋದಲ್ಲಿ ಎಲ್ಲಾ ಕಾಣುತ್ತದೆ. ಟೇಪ್ ಎಲ್ಲೂ ಇಲ್ಲ. ಕಾಂಪೌಂಡ್ ಹಾರಿ ಕಪ್ಪು ಪ್ಲಾಸ್ಟಿಕ್ ಮೇಲೆ, ಕಿಟಕಿಯ ರಬ್ಬರ್ ಬೀಡಿಂಗ್ ಮೇಲೆ ಬೀಳುತ್ತಿರುವುದೂ ಕಾಣುತ್ತದೆ. ಅದು ಒಣಗಿ ಬಿಳಿ ಕಲೆಯಾಗಿ ಇವತ್ತಿಗೂ ಅಲ್ಲೇ ಕೂತಿದೆ.

ಡೆಲಿವರಿ ದಿನ ಕಾರು ಫಳಫಳ ಅನ್ನುತ್ತಿತ್ತು, ಒಪ್ಪುತ್ತೇನೆ. ನಿಮ್ಮ ಶೆಡ್ಡಿನ ಬಿಳಿ ಟ್ಯೂಬ್‌ಲೈಟ್ ಕೆಳಗೆ ಯಾವ ಗಾಡಿಯೂ ಚೆನ್ನಾಗಿಯೇ ಕಾಣುತ್ತದೆ. ಕೆಲವು ಸಲ ತೊಳೆದ ಮೇಲೆ ನಿಜ ಬಣ್ಣ ಹೊರಗೆ ಬಂತು. ಬಿಸಿಲಿನಲ್ಲಿ ನಿಂತು ನೋಡಿದರೆ ಬಾನೆಟ್ ತುಂಬಾ ಅಲೆ ಅಲೆಯಾಗಿ ಮೆಷಿನ್ ಸುತ್ತಿದ ಗುರುತು. ಅಂದರೆ ಗೀರುಗಳನ್ನು ತೆಗೆದಿರಲಿಲ್ಲ, ಎಣ್ಣೆಯಂಥ ಗ್ಲೇಜ್ ತುಂಬಿ ಮುಚ್ಚಿದ್ದಿರಿ. ನಾಲ್ಕು ಸಲ ಶಾಂಪೂ ಬಿದ್ದರೆ ಅದು ಹೋಗಲೇಬೇಕು. ಕೊಡುವ ಮೊದಲು ಎಣ್ಣೆಯಂಶ ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ತೋರಿಸಿದ್ದರೆ ಅಲ್ಲೇ ಬಣ್ಣ ಬಯಲಾಗುತ್ತಿತ್ತು. ಸರಿಯಾಗಿ ಕೆಲಸ ಮಾಡುವವರು ಕೋಟಿಂಗಿಗೆ ಮೊದಲು ಹೀಗೆ ಒರೆಸಿಯೇ ನೋಡುತ್ತಾರೆ.

ಇದೂ ಹೋಗಲಿ ಅನ್ನಬಹುದಿತ್ತು. ಮೆಷಿನ್ ಗುರುತನ್ನು ಇನ್ನೊಬ್ಬರು ಸರಿಮಾಡಬಹುದು. ಆದರೆ ಬಾನೆಟ್‌ನ ಎಡಗಡೆ ಏರು ಗೆರೆಯ ಉದ್ದಕ್ಕೂ, ಡಿಕ್ಕಿಯ ಅಂಚಿನಲ್ಲಿ ಒಂದು ಕಡೆ, ಪೇಂಟ್ ಪೂರ್ತಿ ಸವೆದು ಅದರ ಕೆಳಗಿನ ಪದರವಾದ ಬೂದು ಬಣ್ಣದ ಪ್ರೈಮರ್ ಕಾಣುತ್ತಿದೆ. ಇದನ್ನು ಯಾವ ಪಾಲಿಶೂ ಸರಿಮಾಡುವುದಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಪಾಲಿಶ್ ಮಾಡುವುದು ಅಂದರೆ ಮೇಲಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುವುದು ತಾನೇ? ಕಂಪನಿಯಿಂದ ಬರುವ ಪೇಂಟ್ ಪ್ರೈಮರ್ ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, ಅದರಲ್ಲಿ ಬಣ್ಣದ ಪಾಲು ಇನ್ನೂ ಕಡಿಮೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ತೆಳು ಇರುವುದನ್ನು ಕೆರೆಯಲು ಹೊರಟವರು ಎಷ್ಟು ಉಳಿದಿದೆ ಅಂತ ಮೊದಲು ಅಳೆಯಬೇಕೋ ಬೇಡವೋ?

ಅಳೆದಿದ್ದೇವೆ ಅನ್ನುತ್ತೀರಿ. ಸರಿ, ನೀವು ಆಮೇಲೆ ಕಳಿಸಿದ "ಪೇಂಟ್ ದಪ್ಪದ ವರದಿ" ನೋಡೋಣ. ಅದರ ಪ್ರಕಾರ ಗಾಡಿಯ ಎಲ್ಲಾ ಕಡೆ 110ರಿಂದ 120 ಮೈಕ್ರಾನ್ ಇದೆ. ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ ಮುಂದಿನ ಬಂಪರಿಗೂ 115 ಅಂತ ಬರೆದಿದ್ದೀರಿ. ಬಂಪರ್ ಪ್ಲಾಸ್ಟಿಕ್, ಸ್ವಾಮಿ! ನಿಮ್ಮ ಕೌಂಟರ್ ಮೇಲೆ ಇಟ್ಟಿರುವಂಥ, ಪೇಂಟಿನ ದಪ್ಪ ಅಳೆಯುವ ಸಾಮಾನ್ಯ ಗೇಜ್, ಕೆಳಗೆ ಲೋಹ ಇದ್ದರೆ ಮಾತ್ರ ಓದುತ್ತದೆ, ಪ್ಲಾಸ್ಟಿಕ್ ಮೇಲೆ ಇಟ್ಟರೆ ಲೆಕ್ಕವೇ ಬರುವುದಿಲ್ಲ. ಅದಕ್ಕೆ ಬೇರೆ ತರಹದ, ಅಲ್ಟ್ರಾಸೋನಿಕ್ ಮೀಟರ್ ಬೇಕು. ಅದು ನಿಮ್ಮಲ್ಲಿ ಇದೆಯಾ ಅಂತ ಫೋನಿನಲ್ಲಿ ಕೇಳಿದೆ, "ಅದೇನು ಮೇಡಂ" ಅಂದರು. ಇನ್ನು ಎಡಗಡೆಯ ಹಿಂದಿನ ಬಾಗಿಲು. ಅದಕ್ಕೆ ಹಿಂದೊಮ್ಮೆ ಟಿಂಕರಿಂಗ್ ಆಗಿ, ಪುಟ್ಟಿ ಹಾಕಿ, ಮೇಲೆ ಮತ್ತೆ ಪೇಂಟ್ ಹೊಡೆಸಿದ್ದು. ಪುಟ್ಟಿ ಇರುವ ಜಾಗದಲ್ಲಿ ಗೇಜ್ ನೂರಾರು ಮೈಕ್ರಾನ್ ತೋರಿಸಬೇಕು. ನಿಮ್ಮ ವರದಿಯಲ್ಲಿ ಅಲ್ಲೂ 118. ಪ್ರೈಮರ್ ಕಾಣುತ್ತಿರುವ ಬಾನೆಟ್‌ಗೆ 112! ಅಲ್ಲಾ, ಸುಳ್ಳು ಬರೆಯುವುದಕ್ಕಾದರೂ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬರೆಯಬಾರದಿತ್ತಾ?

ಇಂಥದರ ಮೇಲೆ ಸೆರಾಮಿಕ್ ಕೋಟಿಂಗ್. ಬಿಲ್ಲಿನಲ್ಲಿ ಅತಿ ದೊಡ್ಡ ಮೊತ್ತ ಅದರದ್ದೇ. ಕೋಟಿಂಗ್ ಮಂಕು ತೆಗೆಯುವುದಿಲ್ಲ, ಗೀರು ತುಂಬುವುದಿಲ್ಲ. ಅದು ಕೆಲವೇ ಮೈಕ್ರಾನ್‌ಗಳ, ಎಷ್ಟೋ ಸಲ ಅದಕ್ಕೂ ಕಡಿಮೆ ದಪ್ಪದ ಪದರ. ಕೆಳಗೆ ಏನಿದೆಯೋ ಅದನ್ನೇ ಹಿಡಿದಿಡುತ್ತದೆ. ಎಣ್ಣೆ, ಗ್ಲೇಜ್ ಉಳಿದಿರುವ ಮೇಲ್ಮೈಗೆ ಅದು ಸರಿಯಾಗಿ ಅಂಟುವುದೂ ಇಲ್ಲ. ಹಚ್ಚಿದ ಮೇಲೆ ಗಟ್ಟಿಯಾಗುವವರೆಗೆ ನೀರು ಸೋಕದ ಹಾಗೆ ಇಡಬೇಕು. ನೀವೋ, ಹಚ್ಚಿದ ಸಂಜೆಯೇ ನನ್ನ ಕಣ್ಣೆದುರು ಪೈಪ್ ಹಿಡಿದು ನೀರು ಬಿಟ್ಟು "ನೋಡಿ ಮೇಡಂ, ನೀರು ಹೇಗೆ ಮಣಿ ಮಣಿಯಾಗಿ ಜಾರುತ್ತೆ" ಅಂತ ತೋರಿಸಿದಿರಿ. ಮೇಣ ಹಚ್ಚಿದರೂ ನೀರು ಹಾಗೇ ಜಾರುತ್ತದೆ. ಈಗ ಬಾನೆಟ್ ಮೇಲೆ ನೀರು ಚಪ್ಪಟೆಯಾಗಿ ನಿಲ್ಲುತ್ತಿದೆ. ವಾರಂಟಿ ಕಾರ್ಡ್ ತೆಗೆದು ನೋಡಿದರೆ, ಕೆಳಗೆ ಸಣ್ಣ ಅಕ್ಷರದಲ್ಲಿ "ಮಂಕಾದ ಅಥವಾ ಮತ್ತೆ ಪೇಂಟ್ ಆದ ಗಾಡಿಗಳಿಗೆ ಅನ್ವಯಿಸುವುದಿಲ್ಲ" ಅಂತ ಇದೆ. ಹಾಗಾದರೆ ಮಂಕಾದ ಗಾಡಿಗೆ ಅದನ್ನು ಮಾರಿದ್ದು ಯಾಕೆ? ಅಳತೆ ತಗೊಂಡು ಹೊಲಿದ ಹಾಗಿದೆ ಆ ಷರತ್ತು.

ಹೆಡ್‌ಲೈಟ್ ವಿಷಯ ಚಿಕ್ಕದು, ಆದರೂ ಬರೆಯುತ್ತೇನೆ. ಉಚಿತ ಅಂತ ಹೇಳಿ ಅದನ್ನೂ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ದೀರಿ. ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಮೇಲೆ ಬಿಸಿಲಿನಿಂದ ಕಾಪಾಡಲು ಒಂದು ಪದರ ಇರುತ್ತದೆ. ಅದು ಉಜ್ಜಿ ಹೋದ ಮೇಲೆ ಹೊಸ ಪದರ ಹಾಕದಿದ್ದರೆ ಬೇಗ ಮತ್ತೆ ಹಳದಿಯಾಗುತ್ತದೆ. ಆಗಲೇ ಶುರುವಾಗಿದೆ.

ನೀವು ಕೊಟ್ಟ ಪರಿಹಾರಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಒಬ್ಬರು ನಮ್ಮ ಶಾಂಪೂ ತಗೊಳ್ಳಿ ಅಂದರು. ಪ್ರೈಮರ್ ಕಾಣುವ ಜಾಗಕ್ಕೆ ಶಾಂಪೂ ಏನು ಮಾಡುತ್ತದೋ ಗೊತ್ತಾಗಲಿಲ್ಲ. ಇನ್ನೊಬ್ಬರು ಅಲ್ಲಿಗೆ ಬ್ರಷ್‌ನಲ್ಲಿ ಟಚ್‌ಅಪ್ ಹಚ್ಚಿಕೊಡುತ್ತೇವೆ ಅಂದರು. ಬಾನೆಟ್ ಮೇಲಿನ ಉದ್ದ ಗೆರೆಗೆ ಬ್ರಷ್ಷಾ? ಮೂರನೆಯವರು ಬಹಳ ದೊಡ್ಡ ಮನಸ್ಸು ಮಾಡಿ, ಇನ್ನೊಂದು ಸಲ ಪೂರ್ತಿ ಪಾಲಿಶ್ ಉಚಿತ ಅಂದರು. ಬೇಡ. ಎಷ್ಟು ಪೇಂಟ್ ಉಳಿದಿದೆ ಅಂತ ನಿಮಗೂ ಗೊತ್ತಿಲ್ಲ, ಸುಳ್ಳು ವರದಿ ನೋಡಿದ ಮೇಲೆ ನನಗೂ ನಂಬಿಕೆ ಇಲ್ಲ. ಇನ್ನೊಂದು ಸುತ್ತು ಕಾಂಪೌಂಡ್ ಹಾಕಿದರೆ ಮೇಲ್ಛಾವಣಿಯೂ ಬೂದು ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಮೆಷಿನ್ ಈ ಕಾರನ್ನು ಇನ್ನು ಮುಟ್ಟುವುದು ಬೇಡವೇ ಬೇಡ.

ನನಗೆ ಬೇಕಾಗಿರುವುದು ಇದು. ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳ ಎರಡನ್ನೂ ನಾನು ಆರಿಸಿದ ಪೇಂಟರ್ ಹತ್ತಿರ ಮತ್ತೆ ಪೇಂಟ್ ಮಾಡಿಸುವ ಖರ್ಚು ನೀವು ಕೊಡಬೇಕು, ಉಳಿದ ಹಳೆಯ ಕೆಂಪಿಗೆ ಬಣ್ಣ ಹೊಂದಿಸುವ ಕೆಲಸವೂ ಅದರಲ್ಲಿ ಸೇರಬೇಕು. ಮಾಸಿದ ಕೆಂಪಿಗೆ ಡಬ್ಬಿಯ ಮೇಲಿನ ಕೋಡ್ ನೋಡಿ ಹೊಡೆದರೆ ಹೊಂದುವುದಿಲ್ಲ ಅನ್ನುವುದು ಪೇಂಟರ್‌ಗಳಿಗೆಲ್ಲ ಗೊತ್ತು. ಸೆರಾಮಿಕ್ ಕೋಟಿಂಗಿನ ಪೂರ್ತಿ ಹಣ ವಾಪಸ್ ಬೇಕು. ಪಾಲಿಶಿನ ಹಣದ ಬಗ್ಗೆ ಕೂತು ಮಾತಾಡೋಣ, ಬಾಗಿಲುಗಳ ಮೇಲೆ ಆದ ಕೆಲಸ ಪರವಾಗಿಲ್ಲ, ಅದಕ್ಕೆ ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬಳಸಿದ ಕಾಂಪೌಂಡ್, ಗ್ಲೇಜ್, ಕೋಟಿಂಗ್ ಯಾವುವು ಅಂತ ಬರೆದು ಕೊಡಿ, ಮುಂದೆ ಪೇಂಟ್ ಮಾಡುವವರಿಗೆ ಅದು ಬೇಕು, ಯಾಕೆಂದರೆ ಅವುಗಳಲ್ಲಿ ಸಿಲಿಕೋನ್ ಇದ್ದು ಅದು ಮೇಲ್ಮೈಯಲ್ಲಿ ಉಳಿದಿದ್ದರೆ ಹೊಸ ಪೇಂಟ್ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿಯಾಗಿ ಬಿಡುತ್ತದೆ. ಆ ವರದಿಯನ್ನು ಯಾರು, ಯಾವ ಗೇಜ್ ಹಿಡಿದು ಮಾಡಿದರು ಅನ್ನುವುದಕ್ಕೂ ಉತ್ತರ ಬೇಕು.

ಬಿಲ್, ಜಾಬ್ ಕಾರ್ಡ್, ನಿಮ್ಮದೇ ವಿಡಿಯೋ, ನಿಮ್ಮದೇ ವರದಿ, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಬಿಸಿಲಿನಲ್ಲಿ ತೆಗೆದ ಫೋಟೋಗಳು, ಎಲ್ಲದರ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕಾರಿಗೆ ಬೇರೆ ಯಾರ ಕೈಯೂ ಹಾಕಿಸಿಲ್ಲ, ಬಂದು ನೋಡಬಹುದು. ಬರುವಾಗ ಗೇಜ್ ತನ್ನಿ, ನಾನೂ ಒಬ್ಬ ಪೇಂಟರನ್ನು ಕರೆದಿರುತ್ತೇನೆ, ಇಬ್ಬರ ಎದುರೇ ಅಳೆಯೋಣ. ಉತ್ತರ ಬರಹದಲ್ಲೇ ಇರಲಿ, ಫೋನ್ ಬೇಡ. 15 ದಿನದಲ್ಲಿ ಬರದಿದ್ದರೆ ಇದೇ ಕಾಗದಗಳನ್ನು ಹಿಡಿದು ಗ್ರಾಹಕರ ದೂರು ಕೇಳುವ ಕಡೆಗೆ ಹೋಗುತ್ತೇನೆ.

ಇಂತಿ,
ಕೆಂಪು ಕಾರಿನ ಮಾಲೀಕರು
(ಹೆಸರು, ಗಾಡಿ ನಂಬರ್, ಬಿಲ್ ನಂಬರ್ ಲಗತ್ತಿಸಿದ ಹಾಳೆಯಲ್ಲಿದೆ)